ತವರಿನ ಹಕ್ಕಿ ಮಲೆನಾಡಿಗೆ ಬಂದದ್ದೇಕೆ?

ನಿಮ್ಮೂರಿಗೆ ನವಿಲು ಬಂದಿದೆಯಾ? ಬಯಲುಸೀಮೆಯ ಓದುಗರು ಇದೆಂಥ ಪ್ರಶ್ನೆ ಅಂತ ನಗಬಹುದು. ಅಲ್ಲಿ ನವಿಲು ಬರುವುದೇನು, ಅಜ್ಜನ ಕಾಲದಿಂದ ಇದ್ದೇ ಇದೆ. ಆದರೆ ಮಲೆನಾಡು, ಕರಾವಳಿಯ ಕಡೆಯವರಿಗೆ ಈ ಪ್ರಶ್ನೆಯ ಅರ್ಥ ಬೇಗ ಗೊತ್ತಾಗುತ್ತದೆ. ಹದಿನೈದು ಇಪ್ಪತ್ತು ವರ್ಷದ ಹಿಂದೆ ನವಿಲು ನೋಡಬೇಕೆಂದರೆ ಮೃಗಾಲಯಕ್ಕೆ ಹೋಗುತ್ತಿದ್ದವರ ಅಂಗಳದಲ್ಲಿ ಈಗ ಬೆಳಿಗ್ಗೆ ಎದ್ದರೆ ನಾಲ್ಕು ನವಿಲು. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲೂ ಅದೇ. ಕಾರಿನ ಕನ್ನಡಿಯಲ್ಲಿ ತನ್ನ ಮುಖ ಕಂಡು ಇನ್ನೊಂದು ಗಂಡು ನವಿಲೆಂದು ಕುಟ್ಟುವ ವೀಡಿಯೊ ಅಂತೂ ಎಲ್ಲರ ಫೋನಿನಲ್ಲೂ ಇದೆ.

ನನ್ನ ತವರು ಹಾವೇರಿ ಜಿಲ್ಲೆ, ಬಂಕಾಪುರದ ಹತ್ತಿರ. ಅಲ್ಲಿಯ ಕೋಟೆ ನವಿಲಿಗೆ ಹೆಸರಾದದ್ದು. 2006ರಲ್ಲಿ ಅದನ್ನು ನವಿಲು ಧಾಮ ಅಂತ ಘೋಷಿಸಿದರು, ಆದರೆ ಘೋಷಣೆಗೆ ಎಷ್ಟೋ ಮೊದಲಿನಿಂದ ನವಿಲುಗಳು ಅಲ್ಲಿವೆ. ಮುಳ್ಳು ಪೊದೆ, ಕುರುಚಲು ಗಿಡ, ಸುತ್ತ ಹೊಲ, ಕುಡಿಯಲು ಕಂದಕದ ನೀರು. ನವಿಲಿಗೆ ಇನ್ನೇನು ಬೇಕು? ಶಾಲೆಯ ಪುಸ್ತಕದ ನಡುವೆ ಗರಿ ಇಟ್ಟು, ಅದು ಮರಿ ಹಾಕುತ್ತದೆಂದು ದಿನಾ ತೆಗೆದು ನೋಡುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬಳು. 1989ರಲ್ಲಿ ಮದುವೆಯಾಗಿ ಸಾಗರ ತಾಲ್ಲೂಕಿಗೆ ಬಂದೆ. ಇಲ್ಲಿ ಮಳೆ ಹಿಡಿದರೆ ಒಲೆಯ ಮೇಲೆ ಬಟ್ಟೆ ಒಣಗಿಸಬೇಕು. ಕಾನಿನೊಳಗೆ ಮಧ್ಯಾಹ್ನವೂ ಮಬ್ಬುಗತ್ತಲೆ. ಮಂಗಟ್ಟೆ ಹಕ್ಕಿ, ಕೆಂದಳಿಲು, ಕಾಡುಕೋಳಿ ಎಲ್ಲ ಇದ್ದವು, ನವಿಲು ಮಾತ್ರ ಇರಲಿಲ್ಲ. 'ಸೋಗೆ' ಅಂದರೆ ನನಗೆ ನವಿಲಿನದು, ಇವರಿಗೆ ಅಡಿಕೆ ಮರದ್ದು. ಆ ಒಂದು ಪದಕ್ಕೆ ಮೊದಲ ವರ್ಷ ಮನೆಮಂದಿಯೆಲ್ಲ ನಕ್ಕಿದ್ದೇ ನಕ್ಕಿದ್ದು.

ಇಪ್ಪತ್ತು ವರ್ಷ ಕಳೆದ ಮೇಲೆ, 2010ರ ಆಸುಪಾಸು, ಒಂದು ಬೆಳಿಗ್ಗೆ ಗದ್ದೆಯ ಕಡೆಯಿಂದ ಆ ಕೂಗು ಕೇಳಿಸಿತು. ಬೆಕ್ಕು ಕಿರುಚಿದ ಹಾಗೆ, ಆದರೆ ಅರ್ಧ ಮೈಲಿ ಕೇಳುವ ದನಿ. ಇಲ್ಲಿಯವರಿಗೆ ಅದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ನಮ್ಮತ್ತೆ ಆವತ್ತಿನಿಂದ ನವಿಲು ಕೂಗಿದಾಗಲೆಲ್ಲ, "ಏ, ನಿನ್ನ ತವರಿನೋರು ಬಂದಾರೆ, ಕಾಫಿಗೆ ನೀರಿಡು" ಅನ್ನುತ್ತಿದ್ದರು. ಸುಬ್ರಹ್ಮಣ್ಯನ ವಾಹನ ಮನೆ ಬಾಗಿಲಿಗೆ ಬಂತೆಂದು ಕೈ ಮುಗಿದವರೂ ಇದ್ದರು.

ಕೈ ಮುಗಿಯುವ ಉತ್ಸಾಹ ಎರಡು ಮೂರು ವರ್ಷದಲ್ಲಿ ಇಳಿಯಿತು. ಭತ್ತದ ಸಸಿ ಮಡಿಗೆ ಬೀಜ ಚೆಲ್ಲಿದ ಮಾರನೇ ದಿನ ಕೆದರಿ ಹೆಕ್ಕಿ ಹೋಗಿರುತ್ತಿದ್ದವು. ಹರಿವೆ, ಅಲಸಂದೆ, ಸೌತೆಯ ಎಳೇ ಕುಡಿ ಒಂದೂ ಉಳಿಯುತ್ತಿರಲಿಲ್ಲ. ಮಂಗನ ಕಾಟಕ್ಕೆ ಪಟಾಕಿ ಇದೆ, ಹಂದಿಗೆ ಬೇಲಿ ಇದೆ. ನವಿಲಿಗೆ? ಹಳೇ ಸೀರೆ ಕಟ್ಟಿದ್ದಾಯ್ತು. ನಮ್ಮ ಕೇರಿಯ ತರಕಾರಿ ಮಡಿಗಳ ಸುತ್ತ ಈಗ ಎಲ್ಲರ ಮನೆಯ ಇಪ್ಪತ್ತು ವರ್ಷದ ಸೀರೆಗಳ ಪ್ರದರ್ಶನ ನಡೆಯುತ್ತಿದೆ. ಬೇಕಾದರೆ ಯಾರ ಮದುವೆಗೆ ಯಾರು ಯಾವುದು ಉಟ್ಟಿದ್ದರೆಂದು ಹೇಳಬಹುದು. ಸೀರೆಗೆ ನವಿಲು ಒಂದು ವಾರ ಹೆದರಿತು. ಆಮೇಲೆ ಮೀನಿನ ಬಲೆ ತಂದು ಮೇಲೆ ಹೊದೆಸಿದೆವು.

ಅದಕ್ಕಿಂತ ಹೆಚ್ಚಿನದನ್ನು ಮಾಡುವ ಹಾಗೂ ಇಲ್ಲ. 1963ರಲ್ಲಿ ರಾಷ್ಟ್ರಪಕ್ಷಿ ಆಯಿತು. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿ, ಹುಲಿ ಆನೆಗಳ ಜೊತೆಯಲ್ಲಿ ಅದರ ಹೆಸರಿದೆ. ಕೊಂದರೆ ಕಡಿಮೆಯೆಂದರೂ ಮೂರು ವರ್ಷ ಜೈಲು, ಏಳು ವರ್ಷದವರೆಗೂ ಹೋಗಬಹುದು. ಪಕ್ಕದ ಗೋವಾದಲ್ಲಿ 2016ರಲ್ಲಿ ನವಿಲನ್ನು ಉಪದ್ರವಿ ಪ್ರಾಣಿಗಳ ಸಾಲಿಗೆ ಸೇರಿಸುವ ಮಾತು ಸರ್ಕಾರದ ಮಟ್ಟದಲ್ಲೇ ಎದ್ದು ದೇಶವೆಲ್ಲ ಗದ್ದಲವಾಗಿತ್ತು. ಗದ್ದಲ ಮಾಡಿದವರಲ್ಲಿ ಸಸಿ ಮಡಿ ಇದ್ದವರು ಎಷ್ಟು ಜನರೋ.

ಆದರೆ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ನನ್ನಣ್ಣ. ಹಬ್ಬಕ್ಕೆ ಬಂದವನು ಅಂಗಳದ ನವಿಲು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ತಂಗೀ, ನವಿಲ ಬಂದಾವಂತ ಭಾಳ ಖುಷಿ ಪಡಬ್ಯಾಡ. ಮೊದಲ ನಮ್ಮ ಕಡಿ ಬಿಸಲ ಬಂದಿರತೈತಿ, ಅದರ ಹಿಂದ ಅವು ಬಂದಿರತಾವ" ಅಂದ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ರೈತ ಅವನು.

ಅವನು ಹೇಳಿದ್ದನ್ನೇ ಪಕ್ಷಿತಜ್ಞರು ಬೇರೆ ಮಾತಿನಲ್ಲಿ ಹೇಳಿದ್ದಾರೆಂದು ಓದುತ್ತ ಹೋದ ಹಾಗೆ ಗೊತ್ತಾಯಿತು. ನವಿಲು ಒಣ ಸೀಮೆಯ ಹಕ್ಕಿ. ಎಲೆ ಉದುರುವ ಕಾಡು, ಕುರುಚಲು, ಅದಕ್ಕೆ ಅಂಟಿಕೊಂಡ ಹೊಲ ಅದರ ಸಂಸಾರದ ಜಾಗ. ರಾತ್ರಿ ಮಲಗಲು ಎತ್ತರದ ಮರ ಬೇಕು, ಹಗಲು ಓಡಾಡಲು ಬಯಲು ಬೇಕು. ಹೆಣ್ಣು ಮೊಟ್ಟೆ ಇಡುವುದು ನೆಲದ ಮೇಲೆ, ಪೊದೆಯ ಬುಡದಲ್ಲಿ. ಸದಾ ಹಸಿರಾಗಿ ಸದಾ ತೊಯ್ದಿರುವ ದಟ್ಟ ಕಾಡು ಅದಕ್ಕೆ ಒಗ್ಗಿದ್ದಲ್ಲ. ಕೇರಳದ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1933ರಲ್ಲಿ ಸಲೀಂ ಅಲಿ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಅವರಿಗೆ ಅಲ್ಲಿ ಒಂದು ನವಿಲೂ ದಾಖಲಾಗಲಿಲ್ಲ. ಇವತ್ತು ಕೇರಳದಲ್ಲಿ ನವಿಲಿಲ್ಲದ ಜಿಲ್ಲೆಯೇ ಇಲ್ಲ. 2007ರಲ್ಲಿ ಪಾಲಕ್ಕಾಡ್ ಕಡೆಯ ಚೂಲನ್ನೂರಿನಲ್ಲಿ ನವಿಲಿಗಾಗಿ ಅಭಯಾರಣ್ಯವನ್ನೇ ಮಾಡಿದರು. ಪಾಲಕ್ಕಾಡ್ ಅಂದರೆ ಘಟ್ಟದ ಸಾಲು ಬಾಯಿಬಿಟ್ಟ ಜಾಗ, ತಮಿಳುನಾಡಿನ ಒಣಗಾಳಿ ಒಳಗೆ ನುಗ್ಗುವ ದಾರಿ.

ಕೇರಳ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನವಿಲು ಎಲ್ಲೆಲ್ಲಿ ಕಂಡಿದೆಯೋ ಅಲ್ಲಿಯ ಮಳೆ, ಸೆಕೆ, ನೆಲದ ರೀತಿ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, ಇಂಥದೇ ಲಕ್ಷಣದ ಜಾಗ ಇನ್ನೆಲ್ಲಿದೆ, ಮುಂದೆ ಎಲ್ಲಿ ಆಗಲಿದೆ ಅಂತ ಲೆಕ್ಕ ಹಾಕುವ ವಿಧಾನ ಅದು. ಯಾವ ಮಣ್ಣಿಗೆ ರಾಗಿ, ಯಾವುದಕ್ಕೆ ಅಡಿಕೆ ಅಂತ ನಮ್ಮ ಹಿರಿಯರು ನೋಡಿಯೇ ಹೇಳುತ್ತಿದ್ದರಲ್ಲ, ಹಾಗೇ ಅನ್ನಿ. ಸದ್ಯ ಕೇರಳದ ಶೇ 19ರಷ್ಟು ನೆಲ ನವಿಲಿಗೆ ಹೊಂದುತ್ತದೆ, 2050ರ ಹೊತ್ತಿಗೆ ಅದು ಶೇ 41ರಿಂದ 55ರವರೆಗೆ ಏರಬಹುದು ಎಂದು ಅವರ ಅಂದಾಜು. ಹಸಿರು ನಾಡಿನ ಅರ್ಧಭಾಗ ನವಿಲಿಗೆ ಹಿತವಾಗುತ್ತದೆ ಅಂದರೆ ಅದು ಯಾವುದಕ್ಕೆಲ್ಲ ಅಹಿತವಾಗುತ್ತದೆ ಎಂಬುದನ್ನೂ ಕೇಳಬೇಕು.

ಆದರೂ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅದು ನಮ್ಮ ಕೈ ತೊಳೆದುಕೊಳ್ಳುವ ಸುಲಭದ ದಾರಿ. ನಾನು ಬಂದಾಗ ನಮ್ಮ ಮನೆಯಿಂದ ಹೊಳೆಯವರೆಗೆ ಕಣ್ಣಿಗೆ ಗದ್ದೆಯೇ ಗದ್ದೆ. ಆರು ತಿಂಗಳು ನೀರು ನಿಲ್ಲುವ ನೆಲ. ಆಳು ಸಿಗುವುದಿಲ್ಲ, ಭತ್ತಕ್ಕೆ ಬೆಲೆಯಿಲ್ಲ, ಹೀಗಾಗಿ ಅರ್ಧ ಅಡಿಕೆ ತೋಟವಾಯಿತು, ಉಳಿದದ್ದರಲ್ಲಿ ಎಷ್ಟೋ ಬೀಳು ಬಿತ್ತು. ಬೀಳು ಗದ್ದೆಯಲ್ಲಿ ಹುಲ್ಲು, ಲಂಟಾನ, ಯುಪಟೋರಿಯಂ ಎದ್ದವು. ನವಿಲಿಗೆ ಮೊಟ್ಟೆ ಇಡಲು ಇದಕ್ಕಿಂತ ಬಾಣಂತಿ ಕೋಣೆ ಬೇಕೇ? ಗುಡ್ಡದ ಮೇಲಿನ ಮಿಶ್ರ ಕಾಡು ಹೋಗಿ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಪ್ಲಾಂಟೇಶನ್ ಬಂತು. ಅದನ್ನು ಕಡಿದಾಗಲೆಲ್ಲ ಗುಡ್ಡ ಬೋಳು. ಸೊಪ್ಪಿನ ಬೆಟ್ಟವನ್ನು ನಾವೇ ಸವರಿ ಸವರಿ ಬಯಲು ಮಾಡಿದೆವು. ರಸ್ತೆ ಅಗಲವಾಯಿತು, ಲೈಟಿನ ಲೈನ್ ಬಂತು, ಕಾಡಿನ ನಡುವೆ ಬೈತಲೆ ತೆಗೆದ ಹಾಗೆ. ಬೇಟೆಯೂ ಕಾನೂನಿನ ಭಯಕ್ಕೆ ಕಡಿಮೆಯಾಯಿತು, ಅದೊಂದು ಒಳ್ಳೆಯದೇ. ಬಿಸಿಲು ದಾರಿ ತೋರಿಸಿರಬಹುದು, ಬಾಗಿಲು ತೆರೆದಿಟ್ಟವರು ನಾವು.

ಮಳೆಯ ವಿಷಯ ನಿಮಗೆಲ್ಲ ಗೊತ್ತಿದ್ದದ್ದೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಪಟ್ಟಿಯಲ್ಲಿ ಮಲೆನಾಡಿನ ತಾಲ್ಲೂಕುಗಳ ಹೆಸರು ಓದುವಾಗ ನಮ್ಮತ್ತೆ ಇರಬೇಕಿತ್ತು ಅನ್ನಿಸಿತು, ಅವರು ನಂಬುತ್ತಿರಲಿಲ್ಲ. ಮರುವರ್ಷ ಲಿಂಗನಮಕ್ಕಿ ತುಂಬಿ ಗೇಟು ತೆಗೆದರು. ಒಂದು ವರ್ಷ ಹನಿ ಇಲ್ಲ, ಮತ್ತೊಂದು ವರ್ಷ ಎಂಟು ದಿನದಲ್ಲಿ ತಿಂಗಳ ಮಳೆ. ಎರಡನ್ನೂ ತಾಳಿಕೊಳ್ಳುವ ಜೀವಗಳಿಗೆ ಇದು ಹಬ್ಬ, ತಾಳದವಕ್ಕೆ ಇಲ್ಲಿಂದ ಎದ್ದು ಹೋಗಲು ಕಾಲಿಲ್ಲ.

ಕಾಲಿದ್ದೂ ಹೋಗಲಾಗದ ಜೀವವೊಂದು ನಮಗೆ ಹತ್ತಿರದಲ್ಲೇ ಇದೆ. ಜೋಗ ದಾಟಿ ಹೊನ್ನಾವರದ ಕಡೆಗೆ ಹೋಗುವಾಗ ಸಿಗುವ ಕತ್ತಲೆಕಾನು, ಹೆಸರಿಗೆ ತಕ್ಕ ಕಾಡು. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ಜೌಗು ಇರುವ ನೆಲದಲ್ಲಿ ರಾಮಪತ್ರೆಯ ಜಾತಿಯ ಮರಗಳು ಬೇರುಗಳನ್ನು ಮಂಡಿಯ ಹಾಗೆ ಮಡಚಿ ಕೆಸರಿನ ಮೇಲೆ ಎತ್ತಿರುತ್ತವೆ, ಉಸಿರಾಡಲು. ಅಲ್ಲಿಯ ಹಳ್ಳಗಳಲ್ಲಿ ಹೆಬ್ಬೆರಳು ಗಾತ್ರದ ಒಂದು ಕಪ್ಪೆ. ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿ ಕುಂಬಾರ ಕಪ್ಪೆ ಅಂತ ಹೆಸರಿಟ್ಟರು. ಯಾಕೆಂದರೆ ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ತೆಗೆದು ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಒಣಗಬಾರದು, ತಿನ್ನುವವರ ಕಣ್ಣಿಗೂ ಬೀಳಬಾರದು ಅಂತ. ಹೆಂಡತಿ ಬಾಣಂತನಕ್ಕೆ ಹೋದಾಗ ಗಂಡಸರು ಮನೆಗೆ ಸಾರಣೆ ಮಾಡಿದ್ದನ್ನು ನಾನಂತೂ ಎಲ್ಲೂ ನೋಡಿಲ್ಲ, ಇಲ್ಲಿ ಕಪ್ಪೆ ಮಾಡುತ್ತದೆ!

ಈ ಕಪ್ಪೆಗೆ ಬೇಕಾದದ್ದು ಇಷ್ಟೇ: ಮೇಲೆ ನೆರಳು, ಕೆಳಗೆ ಹರಿಯುವ ನೀರು, ಕೈಗೆ ಸಿಗುವ ಕೆಸರು. ಮೂರರಲ್ಲಿ ಒಂದು ಇಲ್ಲವಾದರೂ ಅದರ ಸಂತಾನ ನಿಂತಿತು. ತೇವ ಆರಿದ ಚರ್ಮದಲ್ಲಿ ಕಪ್ಪೆ ಉಸಿರಾಡಲಾರದು. ಹಳ್ಳ ಬತ್ತಿತೆಂದು ಇನ್ನೊಂದು ಹಳ್ಳಕ್ಕೆ ಹೋಗಬೇಕೆಂದರೆ ನಡುವೆ ಟಾರು ರಸ್ತೆ, ಬಿಸಿಲು ಕಾದ ಅಕೇಶಿಯಾ ತೋಪು. ಸಿಂಗಳೀಕಗಳ ಪಾಡೂ ಸುಮಾರು ಇದೇ. ಮರದಿಂದ ಮರಕ್ಕೆ ಹೋಗುವ ಆ ಕೋತಿಗೆ ಕೊಂಬೆಗೆ ಕೊಂಬೆ ತಾಕದಿದ್ದರೆ ಕಾಡು ಅಲ್ಲಿಗೆ ಮುಗಿಯಿತು. ಜಗತ್ತಿನ ಕಪ್ಪೆ ಮತ್ತು ಅದರ ಬಂಧುಗಳ ಸ್ಥಿತಿಯ ಬಗ್ಗೆ 2023ರಲ್ಲಿ ಬಂದ ದೊಡ್ಡ ಸಮೀಕ್ಷೆಯ ಪ್ರಕಾರ ನೂರರಲ್ಲಿ 41 ಜಾತಿಗಳು ಅಪಾಯದಲ್ಲಿವೆ. 2004ರಿಂದೀಚೆಗೆ ಜಾತಿಗಳ ಸ್ಥಿತಿ ಕೆಡಲು ಇರುವ ಕಾರಣಗಳಲ್ಲಿ ಮೊದಲನೆಯದು ಹವಾಮಾನದ ಬದಲಾವಣೆ.

ನವಿಲು ಬಂದು ಕುಂಬಾರ ಕಪ್ಪೆಯನ್ನು ಓಡಿಸುತ್ತಿದೆ ಅಂತ ನಾನು ಹೇಳುತ್ತಿಲ್ಲ. ಕತ್ತಲೆಕಾನಿನ ಹಳ್ಳದೊಳಗೆ ನವಿಲು ಇಳಿಯುವುದಿಲ್ಲ. ಒಂದೇ ಬದಲಾವಣೆಯಿಂದ ಒಂದು ಗೆಲ್ಲುತ್ತದೆ, ಇನ್ನೊಂದು ಸೋಲುತ್ತದೆ ಅಷ್ಟೇ. ಗೆದ್ದದ್ದು ಅಂಗಳದಲ್ಲಿ ಗರಿ ಬಿಚ್ಚಿ ಕುಣಿಯುತ್ತದೆ, ನಮಗೆ ಕಾಣುತ್ತದೆ. ಸೋತದ್ದು ರಾತ್ರಿ ಹೊತ್ತು ಹಳ್ಳದ ಕಲ್ಲಿನ ಸಂದಿಯಲ್ಲಿ ಸುಮ್ಮನಾಗುತ್ತದೆ.

'ಭಾರತದ ಹಕ್ಕಿಗಳ ಸ್ಥಿತಿಗತಿ' ಎಂಬ ವರದಿ 2023ರಲ್ಲಿ ಬಂತು. ದೇಶದ ಸುಮಾರು 30,000 ಹಕ್ಕಿ ವೀಕ್ಷಕರು, ಅವರಲ್ಲಿ ಗೃಹಿಣಿಯರು, ಮೇಷ್ಟ್ರುಗಳು, ಕಾಲೇಜು ಹುಡುಗರೂ ಇದ್ದಾರೆ, ತಾವು ಕಂಡದ್ದನ್ನು ಬರೆದು ಕಳಿಸಿದ ಮೂರು ಕೋಟಿ ದಾಖಲೆಗಳಿಂದ ಮಾಡಿದ್ದು. ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ 204 ಕಡಿಮೆಯಾಗಿವೆ. ಹೆಚ್ಚಿರುವುದು 36 ಮಾತ್ರ. ಆ 36ರಲ್ಲಿ ನಮ್ಮ ನವಿಲಿದೆ, ಎರಡು ದಶಕದಲ್ಲಿ ಅದು ಶೇ 150ಕ್ಕೂ ಮೀರಿ ಹೆಚ್ಚಿದೆ. ಕೋಗಿಲೆ, ಪಾರಿವಾಳಗಳೂ ಹೆಚ್ಚಿವೆ. ಏನು ಸಿಕ್ಕರೂ ತಿಂದು ಎಲ್ಲಿ ಬೇಕಾದರೂ ಬದುಕುವವರಿಗೆ ಕಾಲ ಒಳ್ಳೆಯದಿದೆ. ಇಂಥದೇ ಮರ, ಇಂಥದೇ ಹಣ್ಣು ಅನ್ನುವವರಿಗೆ ಇಲ್ಲ. ಘಟ್ಟ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಬೂದು ಮಂಗಟ್ಟೆಯನ್ನು 2020ರಲ್ಲಿ ಅಪಾಯದ ಅಂಚಿನ ಪಟ್ಟಿಗೆ ಹಾಕಿದರು. ಹೆಣ್ಣು ಮಂಗಟ್ಟೆ ಮೊಟ್ಟೆ ಇಡುವಾಗ ದೊಡ್ಡ ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ. ಪೊಟರೆ ಬರುವಷ್ಟು ವಯಸ್ಸಾಗಲು ನಾವು ಮರವನ್ನು ಎಲ್ಲಿ ಬಿಡುತ್ತೇವೆ?

ಇಷ್ಟೆಲ್ಲ ಓದಿ ಬರೆದು ಮಾಡುವ ನನ್ನ ಮನೆಯಲ್ಲೇ ಈಗ ಒಂದು ತಕರಾರು ನಡೆದಿದೆ. ತೋಟದ ಕೆಳಗೆ ಹಳ್ಳಕ್ಕೆ ತಾಗಿ ನಮ್ಮದೇ ಇಪ್ಪತ್ತು ಗುಂಟೆ ಜಡ್ಡಿ ಜಾಗ ಇದೆ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಕೇದಿಗೆ, ಹೊನ್ನೆ, ಹತ್ತಾರು ಜಾತಿಯ ಜರಿಗಿಡ. ಮೊದಲ ಮಳೆಯ ರಾತ್ರಿ ಅಲ್ಲಿಂದ ಬರುವ ಕಪ್ಪೆಗಳ ಗಲಾಟೆಗೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ಮಗ ಅಲ್ಲಿಗೆ ಜೆಸಿಬಿ ತರಿಸಿ, ಬಸಿಗಾಲುವೆ ತೆಗೆಸಿ, ಮಣ್ಣು ಹಾಕಿ ಅಡಿಕೆ ಸಸಿ ಇಡಬೇಕು ಅನ್ನುತ್ತಾನೆ. ಅವನನ್ನು ದೂರುವ ಹಾಗಿಲ್ಲ. ಮೇಲಿನ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಮೂರು ವರ್ಷವಾಯಿತು. ಔಷಧಿ ಹೊಡೆದದ್ದೇ ಹೊಡೆದದ್ದು, ಫಸಲು ಅರ್ಧಕ್ಕಿಳಿದಿದೆ. ಸೊಸೈಟಿಯ ಸಾಲ ಅವನ ಹೆಸರಿನಲ್ಲಿದೆ, ಕಪ್ಪೆಯ ಹೆಸರಿನಲ್ಲಿಲ್ಲ. "ಅಮ್ಮಾ, ಲೇಖನ ಬರೆದ್ರೆ ಕಂತು ಕಟ್ತಾರಾ?" ಅಂತ ಕೇಳಿದ. ಕೇಳಬೇಕಾದ ಪ್ರಶ್ನೆಯೇ.

ನಾನು ಕಪ್ಪೆಯ ಮಾತು ಎತ್ತಲಿಲ್ಲ. ನೀರಿನ ಮಾತು ಎತ್ತಿದೆ. 2023ರ ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ ಕೇರಿಯ ಬಾವಿಗಳು ಒಂದೊಂದಾಗಿ ತಳ ಕಂಡಾಗ ನಮ್ಮದರಲ್ಲಿ ನಾಲ್ಕು ಅಡಿ ನೀರು ನಿಂತಿತ್ತು, ಪಕ್ಕದ ಮನೆಯವರೂ ಇಲ್ಲಿಂದಲೇ ಹೊತ್ತರು. ನಮ್ಮ ಬಾವಿ ಆ ಜಡ್ಡಿಯಿಂದ ಮೂವತ್ತು ಮಾರು ದೂರ. ಜಡ್ಡಿಯನ್ನು ಬಸಿದು ಒಣಗಿಸಿದ ಮೇಲೆ ಹೊಸ ಅಡಿಕೆ ಸಸಿಗೆ ನೀರು ಎಲ್ಲಿಂದ ತರುತ್ತೀಯ ಅಂತ ಕೇಳಿದೆ. ಬೋರ್ ಹೊಡೆಸೋಣ ಅಂದ. ಬೋರಿನ ಖರ್ಚನ್ನೂ ಬರೆದು ಕೂಡಿಸು ಅಂದೆ. ಇಬ್ಬರೂ ಕೂತು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ಜೆಸಿಬಿ, ಸಸಿ, ಗೊಬ್ಬರ, ಬೋರು, ಕರೆಂಟು. ನಮ್ಮ ಮನೆಯವರು ಎಲೆ ಅಡಿಕೆ ಹಾಕುತ್ತ ಕೇಳಿಸಿಕೊಂಡರು, ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಸದ್ಯಕ್ಕೆ ಜೆಸಿಬಿಯವನಿಗೆ ಬರಬೇಡ ಅಂತ ಫೋನು ಹೋಗಿದೆ. ಜಡ್ಡಿಯ ಅಂಚಿನ ಒಣ ಪಟ್ಟಿಯಲ್ಲಿ ಕಾಳುಮೆಣಸು ಹಬ್ಬಿಸುವುದೆಂದು ಮಾತಾಗಿದೆ. ಮುಂದಿನ ವರ್ಷ ಅಡಿಕೆಯ ರೇಟು ಏರಿದರೆ ಈ ಮಾತು ಮತ್ತೆ ಏಳುತ್ತದೆ, ಆಗ ಮತ್ತೆ ಕ್ಯಾಲೆಂಡರ್ ತೆಗೆಯಬೇಕು.

ಸಸಿ ಮಡಿಗೆ ಈ ಸಲವೂ ಬಲೆ ಹೊದೆಸಿದ್ದೇವೆ. ಪಕ್ಕದ ಗದ್ದೆಯವರು ಇನ್ನು ಭತ್ತ ಬೇಡವೆಂದು ಬಿಟ್ಟರು, ಅವರ ಬೀಳಿನಲ್ಲಿ ಹೋದ ವಾರ ಹೆಣ್ಣು ನವಿಲೊಂದು ನಾಲ್ಕು ಮರಿ ಹಿಂದಿಟ್ಟುಕೊಂಡು ಓಡಾಡುತ್ತಿತ್ತು. ನನ್ನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅದನ್ನೂ ಗುರುತು ಹಾಕಿದ್ದೇನೆ: ಮೊದಲ ಕಪ್ಪೆ ಕೂಗಿದ ದಿನ, ಮಂಗಟ್ಟೆ ಕಂಡ ದಿನ, ನವಿಲು ಮರಿ ಎಷ್ಟು. ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದ ಎಲ್ಲೆಡೆ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಹದಿನೈದು ನಿಮಿಷ ಅಂಗಳದಲ್ಲಿ ನಿಂತರೂ ಸಾಕು, ಸೇರಬಹುದು. ಹಾಗೆಯೇ ನಿಮ್ಮೂರಿನಲ್ಲಿ ನವಿಲಿನ ಕೂಗು ಮೊದಲು ಕೇಳಿದ್ದು ಯಾವ ವರ್ಷ, ಅದೇ ಹೊತ್ತಿಗೆ ಯಾವ ಕೂಗು ನಿಂತಿತು, ಇವೆರಡನ್ನೂ ಓದುಗರ ಅಂಕಣಕ್ಕೆ ಎರಡು ಸಾಲು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು.